ದಿಲ್ಲಿ ಶಿಲ್ಪಿಚಕ್ರ: ನೆಲೆ ತಪ್ಪಿದವರು ಕಟ್ಟಿದ ಕಲಾಸಂಘ

ಪುಣೆಯ ಬಳಿಯ ಭೋಸರಿಯ ಕಾರ್ಖಾನೆಗಳನ್ನು ನೆಚ್ಚಿ ಬಂದು ನೆಲೆಸಿದ ಕನ್ನಡ ಕುಟುಂಬಗಳಿಗೆ ನೆರೆಯ ಪಿಂಪ್ರಿ ಕ್ಯಾಂಪಿನ ಪೇಟೆ ಚಿರಪರಿಚಿತವಾದುದು. 1947ರ ದೇಶವಿಭಜನೆಯಲ್ಲಿ ಮನೆಮಠಗಳನ್ನು ಕಳೆದುಕೊಂಡು ಬಂದ ಸಿಂಧಿಗಳ ಶಿಬಿರವೇ ಬೆಳೆದು ಆದ ಪೇಟೆಯದು. ಅದೇ ವಿಪ್ಲವವು ಲಾಹೋರಿನಿಂದ ರಾಜಧಾನಿಗೆ ನೂಕಿದ ಕಲಾವಿದರು ದಿಲ್ಲಿಯ ಗೆಳೆಯರೊಡಗೂಡಿ 1949ರಲ್ಲಿ ಸ್ಥಾಪಿಸಿದ ಸಂಸ್ಥೆಯೇ ದಿಲ್ಲಿ ಶಿಲ್ಪಿಚಕ್ರ.

ಲಾಹೋರಿನ ಮೇಯೋ ಕಲಾಶಾಲೆಯಲ್ಲಿ ಅಧ್ಯಾಪಕರಾಗಿದ್ದು, ಬಳಿಕ ಅಲ್ಲಿಯೇ ಸ್ವಂತ ಶಾಲೆಯೊಂದನ್ನು ನಡೆಸಿ, ಎಲ್ಲವನ್ನೂ ಬಿಟ್ಟುಬಂದ ಬಿ. ಸಿ. ಸಾನ್ಯಾಲರು ಗೋಲ್ ಮಾರ್ಕೆಟ್ಟಿನಲ್ಲಿ ತೆರೆದ ಚಿತ್ರಶಾಲೆಯು ‘ರೆಫ್ಯೂಜಿ ಸ್ಟುಡಿಯೋ’ ಎಂದೇ ಹೆಸರಾಯಿತು. ಅವರೊಡನೆ ಪಿ. ಎನ್. ಮಾಗೋ, ಕನ್ವಲ್ ಕೃಷ್ಣ, ಶಿಲ್ಪಿ ಧನರಾಜ ಭಗತ್ ಇವರೂ, ನಮ್ಮ ಬೆಳಗಾವಿಯಲ್ಲಿ ಹುಟ್ಟಿ, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು ದಿಲ್ಲಿ ಸೇರಿದ್ದ ಕೆ. ಎಸ್. ಕುಲಕರ್ಣಿಯವರೂ ಕೂಡಿಕೊಂಡರು. ಗಣ್ಯರ ಕೃಪಾಶ್ರಯದಲ್ಲಿದ್ದ ಹಳೆಯ ಅಖಿಲ ಭಾರತ ಕಲಾಸಂಘದಿಂದ ಬೇರೆಯಾಗಿ, ಕಲಾವಿದರು ತಾವೇ ನಡೆಸುವ ವೇದಿಕೆಯೊಂದು ಬೇಕೆಂದು ಹೊರಟ ಇವರಿಗೆ, ಕಲೆಯು ಜನಜೀವನದಿಂದ ಅಗಲಬಾರದೆಂಬುದೇ ಮೂಲಮಂತ್ರವಾಗಿದ್ದಿತು. ಕನಾಟ್ ಪ್ಲೇಸಿನ ಧೂಮಿಮಲ್ ಅಂಗಡಿಯ ರಾಮ್ ಬಾಬು ಜೈನರು ಪ್ರದರ್ಶನಗಳಿಗೆ ಎಡೆಯಿತ್ತು ನೆರವಾದರು.

ಪರರ ಆಳ್ವಿಕೆ ತೊಲಗಿದ ಹೊತ್ತಿನಲ್ಲಿ ಕಲಾಸಂಘಗಳಿಗೆ ಒದಗುವ ಪರೀಕ್ಷೆ ಎಷ್ಟು ಕಠಿಣವಾದುದೆಂಬುದಕ್ಕೆ ಕೊರಿಯವೇ ಸಾಕ್ಷಿ. 1945ರ ಆಗಸ್ಟಿನಲ್ಲಿ ಜಪಾನಿನ ಹಿಡಿತದಿಂದ ಪಾರಾದೊಡನೆ ಕಲಾವಿದರೆಲ್ಲರನ್ನೂ ಒಗ್ಗೂಡಿಸಲು ಹುಟ್ಟಿದ ಸಂಘವು ಕೆಲವೇ ತಿಂಗಳಲ್ಲಿ ಎಡ, ಬಲಗಳ ಜಗಳಕ್ಕೆ ಬಲಿಯಾಯಿತು. ಜನಸ್ತೋಮದ ಬೃಹತ್ ಚಿತ್ರಗಳನ್ನು ರಚಿಸಿದ ಲೀ ಕ್ವೆ-ಡೆ 1953ರಲ್ಲಿ ಯುದ್ಧಕೈದಿಗಳ ವಿನಿಮಯದಲ್ಲಿ ಉತ್ತರಕ್ಕೆ ಹೋದುದರಿಂದ, ಅವರ ಕೃತಿಗಳು 1988ರವರೆಗೂ ದಕ್ಷಿಣದಲ್ಲಿ ನಿಷಿದ್ಧವಾಗಿದ್ದವು. ಗಡಿಯು ಅಲ್ಲಿ ಸಂಘವನ್ನೇ ಸೀಳಿತು. ಇಲ್ಲಿ ಗಡಿಯಿಂದ ಸೀಳಿಹೋದ ಬಾಳುಗಳು ಒಂದು ಸಂಘವಾಗಿ ಕೂಡಿದುವು. ಹಳೆಯ ಸಂಘದೊಡನೆ ಇವರಿಗಿದ್ದ ಭಿನ್ನಮತವು ದ್ವೇಷಕ್ಕೆ ತಿರುಗದೆ ಕಲಾವಿದರ ಸ್ವಾವಲಂಬನೆಗೆ ದಾರಿಮಾಡಿಕೊಟ್ಟುದು ಶಿಲ್ಪಿಚಕ್ರದ ನಿಜವಾದ ಸಾಧನೆಯೆಂದು ನಾನು ಬಗೆಯುತ್ತೇನೆ.

ಸ್ವಾತಂತ್ರ್ಯೋತ್ತರ ಕಲೆಯೆಂದೊಡನೆ 1947ರ ಮುಂಬಯಿಯ ಪ್ರೋಗ್ರೆಸಿವ್ ಬಳಗವನ್ನಷ್ಟೇ ಸ್ಮರಿಸುವ ನಾವು ಈ ದಿಲ್ಲಿಯ ಗೆಳೆಯರನ್ನು ಮರೆತುದು ನ್ಯಾಯವಲ್ಲ. ಕುಲಕರ್ಣಿಯವರು ಮುಂದೆ ಚಿತ್ರಕಲೆಯನ್ನು ಬೋಧಿಸಿದ ತ್ರಿವೇಣಿ ಕಲಾ ಸಂಗಮವು ತಾನಸೇನ್ ಮಾರ್ಗದಲ್ಲಿ ಇಂದಿಗೂ ತೆರೆದಿದೆ; ದಿಲ್ಲಿಗೆ ಹೋಗುವ ಕನ್ನಡಿಗರು ಅಲ್ಲಿಗೂ, ಜೈಪುರ ಹೌಸಿನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೂ ಅವಶ್ಯವಾಗಿ ಹೋಗಿಬರಬೇಕು.