ಸಿಹಿಗುಂಬಳದ ಎಳೆಯ ಸಸಿಗಳಲ್ಲಿ ಎಲೆ ಹಾನಿ: ಕಾರಣವನ್ನು ಗುರುತಿಸುವ ಬಗೆ

ಸಿಹಿಗುಂಬಳವನ್ನು ಮುಂಗಾರಿನಲ್ಲಿ ಜೂನ್-ಜುಲೈ ತಿಂಗಳುಗಳಲ್ಲಿಯೂ, ನೀರಿನ ಅನುಕೂಲವಿರುವಲ್ಲಿ ಬೇಸಿಗೆ ಬೆಳೆಯಾಗಿ ಜನವರಿ-ಫೆಬ್ರವರಿಯಲ್ಲಿಯೂ ಬಿತ್ತಬಹುದಾಗಿದೆ. ಬಿತ್ತಿದ ಸುಮಾರು ಒಂದು ವಾರಕ್ಕೆ ಎರಡು ದಪ್ಪ ಬೀಜದಳಗಳು ಮಣ್ಣಿನಿಂದ ಮೇಲೇಳುತ್ತವೆ. ಅಲ್ಲಿಂದ ಮುಂದಿನ ಹದಿನೈದು-ಇಪ್ಪತ್ತು ದಿನಗಳು ಬೆಳೆಯ ಅಳಿವು ಉಳಿವನ್ನು ನಿರ್ಧರಿಸುತ್ತವೆ. ಬಳ್ಳಿ ಹಬ್ಬಿದ ಮೇಲೆ ಹತ್ತು ಎಲೆಗಳು ತೂತಾದರೂ ನಷ್ಟ ಅಲ್ಪ. ಆದರೆ ನಿಜವಾದ ಎಲೆಗಳು ಬಿಚ್ಚಿಕೊಳ್ಳುವ ಮೊದಲೇ ಬೀಜದಳಗಳು ಹೋದರೆ ಸಸಿಯೇ ಹೋಗುತ್ತದೆ. ಮರುಬಿತ್ತನೆ ಮಾಡಿದರೆ ಹದ ತಪ್ಪಿರುತ್ತದೆ.

ಈ ಅವಧಿಯಲ್ಲಿ ಎಲೆಯ ಮೇಲೆ ಹಾನಿ ಕಂಡೊಡನೆ ರೈತರು ಗಾಬರಿಗೊಳ್ಳುವುದು ಸಹಜವೇ. ಆದರೆ ಒಂದು ಎಲೆಯನ್ನು ಕಿತ್ತು ಅಂಗಡಿಯಲ್ಲಿ ತೋರಿಸಿ, ಕೊಟ್ಟ ಎರಡು ಮೂರು ಔಷಧಗಳನ್ನು ಒಂದೇ ಪಂಪಿನಲ್ಲಿ ಕಲಸಿ ಸಿಂಪಡಿಸುವ ರೂಢಿಯಿಂದ ಹಣವೂ ಸಮಯವೂ ವ್ಯರ್ಥವಾಗುತ್ತವೆ. ಕೀಟನಾಶಕದಿಂದ ಶಿಲೀಂಧ್ರ ರೋಗ ನಿಲ್ಲದು. ಯಾವ ಔಷಧದಿಂದಲೂ ನಂಜು ರೋಗ ವಾಸಿಯಾಗದು. ಕಿತ್ತು ತಂದ ಎಲೆ ಅರ್ಧ ಸಂಗತಿಯನ್ನಷ್ಟೇ ತಿಳಿಸುತ್ತದೆ. ಹಾನಿ ಹಳೆಯ ಎಲೆಯಲ್ಲಿದೆಯೋ ಸುಳಿಯಲ್ಲಿದೆಯೋ, ಒಂದೆರಡು ಗುಣಿಗಳಲ್ಲಿದೆಯೋ ಇಡೀ ಸಾಲಿನಲ್ಲಿದೆಯೋ, ರಾತ್ರಿ ಕಾಣಿಸಿತೋ ಹಗಲಿನಲ್ಲೋ ಎಂಬುದನ್ನು ಹೊಲದಲ್ಲಿಯೇ ನೋಡಬೇಕು.

ಎಲೆಯಲ್ಲಿ ತೂತುಗಳಿದ್ದರೆ ಮೊದಲು ಸಂಶಯಪಡಬೇಕಾದುದು ಕೆಂಪು ಕುಂಬಳ ದುಂಬಿಯನ್ನು. ಸುಮಾರು 6ರಿಂದ 8 ಮಿ.ಮೀ. ಉದ್ದದ, ಹೊಳೆಯುವ ಕಿತ್ತಳೆಗೆಂಪು ಬಣ್ಣದ ಈ ದುಂಬಿ ಬೀಜದಳ ಮತ್ತು ಎಳೆಯ ಎಲೆಗಳನ್ನು ಅಂಕುಡೊಂಕಾಗಿ ತೂತು ಮಾಡಿ ತಿನ್ನುತ್ತದೆ. ಬಿಸಿಲೇರಿದ ಮೇಲೆ ಕೈ ಹತ್ತಿರ ಹೋದರೆ ಹಾರಿಹೋಗುವುದರಿಂದ ಹಲವರಿಗೆ ತೂತು ಕಾಣುತ್ತದೆಯೇ ಹೊರತು ದುಂಬಿ ಕಾಣುವುದಿಲ್ಲ. ಬೆಳಗಿನ ತಂಪಿನಲ್ಲಿ ಅದು ಮಂದವಾಗಿರುತ್ತದೆ. ಆಗ ಎಲೆಯ ಕೆಳಭಾಗವನ್ನೂ ನೋಡಿ, ಆರಿಸಿ ಸೋಪಿನ ನೀರಿಗೆ ಹಾಕುವುದು ಸಣ್ಣ ಹಿಡುವಳಿಗೆ ಹಾಗೂ ಕೈತೋಟಕ್ಕೆ ಸಾಕಾಗುವ ಕ್ರಮವಾಗಿದೆ. ಹೊಲ ದೊಡ್ಡದಿದ್ದರೆ ಶೇ. 5ರ ಬೇವಿನ ಬೀಜದ ಕಷಾಯವನ್ನು, ಅಂದರೆ ಪ್ರತಿ ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿಯನ್ನು ರಾತ್ರಿಯಿಡೀ ನೆನೆಸಿ ಸೋಸಿ, ಸ್ವಲ್ಪ ಸೋಪು ಬೆರೆಸಿ ಸಂಜೆ ಸಿಂಪಡಿಸಬೇಕು. ಈ ಕೀಟದ ಇನ್ನೊಂದು ಮುಖ ಮಣ್ಣಿನಲ್ಲಿದೆ. ತಾಯಿ ದುಂಬಿಯು ಬುಡದ ತೇವದ ಮಣ್ಣಿನಲ್ಲಿ ಮೊಟ್ಟೆಯಿಡುತ್ತದೆ; ಮರಿಹುಳುಗಳು ಬೇರನ್ನು ತಿಂದು ಅಲ್ಲಿಯೇ ಕೋಶಾವಸ್ಥೆಗೆ ಹೋಗುತ್ತವೆ. ಎಲೆಯಲ್ಲಿ ಒಂದೂ ತೂತಿಲ್ಲದ ಸಸಿ ಹಗಲಿನಲ್ಲಿ ಬಾಡುತ್ತಿದ್ದರೆ ಬುಡವನ್ನು ಅಗೆದು ನೋಡುವುದು ಒಳಿತು. ಕೊಯ್ಲಿನ ನಂತರ ಹೊಲವನ್ನು ಆಳವಾಗಿ ಉಳುಮೆ ಮಾಡಿದರೆ ಕೋಶಗಳು ಮೇಲೆ ಬಂದು ಬಿಸಿಲಿಗೆ ಸಾಯುತ್ತವೆ.

ರಾತ್ರಿ ಬೆಳಗಾಗುವುದರೊಳಗೆ ಸಸಿ ಬುಡದಲ್ಲಿ ಕತ್ತರಿಸಿ ಬಿದ್ದಿದ್ದರೆ ಅದು ಕತ್ತರಿ ಹುಳುವಿನ ಕೆಲಸ. ಪಕ್ಕದ ಮಣ್ಣನ್ನು ಎರಡು ಬೆರಳಿನಷ್ಟು ಕೆದಕಿದರೆ ಸುರುಳಿ ಸುತ್ತಿದ ಹುಳು ಸಿಗುತ್ತದೆ. ಎಲೆಯ ಅಂಚು ಸವೆದು ಸುತ್ತ ಹೊಳೆಯುವ ಲೋಳೆಯ ಗೆರೆಯಿದ್ದರೆ ಬಸವನಹುಳು.

ಬೀಜದಳದ ಮೇಲೆ ಬಿಳಿಯ ಸುತ್ತುಗೆರೆಗಳು ಕಂಡರೆ ರಂಗೋಲಿ ಹುಳು. ಇದರ ಮರಿ ಎಲೆಯ ಮೇಲಿನ ಮತ್ತು ಕೆಳಗಿನ ಪದರಗಳ ನಡುವೆ ಇರುವುದರಿಂದ ಮೇಲೆ ಬೀಳುವ ಔಷಧ ಸುಲಭವಾಗಿ ತಲುಪದು. ಇದನ್ನು ಕೊಲ್ಲುವ ಸಣ್ಣ ಪರೋಪಜೀವಿ ಕಣಜಗಳು ಮಾತ್ರ ಆ ಸಿಂಪಡಣೆಗೆ ಮೊದಲು ಬಲಿಯಾಗುತ್ತವೆ. ನೋಡಲು ಭೀಕರವಾದರೂ ಒಂದೆರಡು ಗೆರೆಗಳಿಂದ ಸಸಿ ಸಾಯುವುದಿಲ್ಲ. ಎರಡು ಮೂರು ನಿಜವಾದ ಎಲೆಗಳು ಬಂದ ಮೇಲೆ, ಹೆಚ್ಚು ಗೆರೆಗಳಿರುವ ಬೀಜದಳಗಳನ್ನು ಚಿವುಟಿ ಸುಟ್ಟರೆ ಸಾಕು.

ಇನ್ನು ಬಿಳಿ ಕಲೆಯ ವಿಚಾರ. ಇಲ್ಲಿ ಆಗುವಷ್ಟು ಗೊಂದಲ ಬೇರೆಲ್ಲಿಯೂ ಆಗದು. ಸಿಹಿಗುಂಬಳದ ಅನೇಕ ತಳಿಗಳಲ್ಲಿ ನರಗಳು ಕವಲೊಡೆಯುವ ಕಡೆ ಬೆಳ್ಳಿಬಣ್ಣದ ಮಚ್ಚೆಗಳು ಹುಟ್ಟಿನಿಂದಲೇ ಇರುತ್ತವೆ. ಮೇಲ್ಪದರದ ಕೆಳಗೆ ಗಾಳಿ ತುಂಬಿದ ಸಣ್ಣ ಅವಕಾಶಗಳಿಂದ ಆ ಹೊಳಪು ಬರುತ್ತದೆ; ಅದು ರೋಗವಲ್ಲ, ಅದಕ್ಕೆ ಔಷಧವೂ ಬೇಡ. ಪರೀಕ್ಷೆ ಬಹು ಸುಲಭ. ಬೆರಳಿನಿಂದ ಉಜ್ಜಿದಾಗ ಹಿಟ್ಟಿನಂತೆ ಅಳಿಸಿ ಬಂದರೆ ಬೂದಿ ರೋಗ; ಅಳಿಸದೆ, ಎಲೆ ದೃಢವಾಗಿದ್ದು, ಎಲ್ಲ ಸಸಿಗಳಲ್ಲಿ ಒಂದೇ ವಿನ್ಯಾಸದಲ್ಲಿದ್ದರೆ ಅದು ತಳಿಯ ಗುಣ. ಹೊಸ ಎಲೆಗಳ ನರಗಳೇ ಬೆಳ್ಳಿಯಂತಾಗಿ, ಎಲೆಯ ಕೆಳಗೆ ಅಲುಗಿಸಿದರೆ ಹಾರುವ ಬಿಳಿ ನೊಣಗಳಿದ್ದರೆ ಮಾತ್ರ ಎಚ್ಚರ ವಹಿಸಬೇಕು. ಬಿಳಿ ನೊಣವು ನರಗಳು ಹಳದಿಯಾಗುವ ನಂಜು ರೋಗವನ್ನೂ ಹರಡುತ್ತದೆ. ಅಂತಹ ಸಸಿಯನ್ನು ಕಿತ್ತು ನಾಶಪಡಿಸುವುದೇ ಉಳಿದ ಸಸಿಗಳಿಗೆ ರಕ್ಷಣೆ.

ನೆರಳುಪರದೆಯಡಿ ಟ್ರೇಗಳಲ್ಲಿ ಬೆಳೆಸಿದ ಸಸಿಗಳನ್ನು ಒಮ್ಮೆಗೇ ಬಿಸಿಲಿಗೆ ನಾಟಿ ಮಾಡಿದಾಗಲೂ ಕಾಗದದಂತಹ ಬಿಳಿಚಿದ ತೇಪೆಗಳು ಬೀಳುತ್ತವೆ. ಹೊಸ ಎಲೆ ಹಸಿರಾಗಿ ಬರುತ್ತಿದ್ದರೆ ಚಿಂತೆಯಿಲ್ಲ.

ಭಾಲ್ಕಿ ಮತ್ತು ಔರಾದ ಭಾಗದ ಎರೆ ಭೂಮಿಯಲ್ಲಿ ಮಳೆ ನೀರು ನಿಂತಾಗ ಬೀಜದಳಗಳು ಹಳದಿಯಾಗಿ, ಕಾಂಡವು ಮಣ್ಣಿನ ಮಟ್ಟದಲ್ಲಿ ನೀರು ಹೀರಿದಂತಾಗಿ ಸಣ್ಣಗಾಗಿ, ಸಸಿ ಮಗುಚಿ ಬೀಳುತ್ತದೆ. ಹಾನಿ ಎಲೆಯಲ್ಲಿ ಕಂಡರೂ ರೋಗವಿರುವುದು ಬುಡದಲ್ಲಿ; ಇದು ಸಸಿ ಕೊಳೆ ರೋಗ. ಬಿತ್ತುವ ಮುನ್ನ ಟ್ರೈಕೋಡರ್ಮಾದಿಂದ ಬೀಜೋಪಚಾರ ಮಾಡಿ, ಗುಣಿಯ ಬದಲು ಏರುಮಡಿಯಲ್ಲಿ ಬಿತ್ತುವುದು ಮುಖ್ಯ. ರೋಗ ಕಂಡ ಕಡೆ ಪ್ರತಿ ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ ಬುಡಕ್ಕೆ ಸುರಿಯಬೇಕು. ಬೀದರ ಸುತ್ತಲಿನ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ನೀರು ಬೇಗ ಇಂಗುವುದರಿಂದ ಈ ತೊಂದರೆ ಕಡಿಮೆ.

ಕಬ್ಬು ಬೆಳೆಯುವ ಕಡೆ ಮತ್ತೊಂದು ಸಾಧ್ಯತೆಯನ್ನು ಮರೆಯಬಾರದು. ಅಗಲ ಎಲೆಯ ಕಳೆಗಳಿಗೆ ಬಳಸುವ 2,4-ಡಿ ಕಳೆನಾಶಕವು ಗಾಳಿಯಲ್ಲಿ ತೇಲಿ ಬಂದರೆ ಕುಂಬಳದ ಸುಳಿ ತಿರುಚಿಕೊಳ್ಳುತ್ತದೆ, ಎಲೆಗಳು ಕಿರಿದಾಗಿ ಮುದುಡುತ್ತವೆ. ನೋಡಿದವರು ನಂಜು ರೋಗವೆಂದೇ ಹೇಳುತ್ತಾರೆ. ಆದರೆ ನಂಜು ರೋಗ ಅಲ್ಲಲ್ಲಿ ಒಂದೊಂದು ಸಸಿಯಲ್ಲಿ ಆರಂಭವಾಗುತ್ತದೆ. ಕಳೆನಾಶಕದ ಹಾನಿ ಬದುವಿನ ಪಕ್ಕದ ಸಾಲುಗಳಲ್ಲಿ ಒಟ್ಟಿಗೇ ಕಾಣಿಸಿ, ಒಳಗೆ ಹೋದಂತೆ ಕಡಿಮೆಯಾಗುತ್ತದೆ. ಅದೇ ಬದುವಿನ ತೊಗರಿ, ಟೊಮೆಟೊ ಗಿಡಗಳೂ ತಿರುಚಿರುತ್ತವೆ. ಇಡೀ ಹೊಲವೇ ಹೀಗಾಗಿದ್ದರೆ ಸಿಂಪಡಣೆಯ ಪಂಪನ್ನು ಹಿಂದೆ ಕಳೆನಾಶಕಕ್ಕೆ ಬಳಸಲಾಗಿತ್ತೇ ಎಂದು ವಿಚಾರಿಸಬೇಕು. ಕಳೆನಾಶಕಕ್ಕೆ ಪ್ರತ್ಯೇಕ ಪಂಪ್ ಇಡುವುದೇ ಸುರಕ್ಷಿತ. ಗಂಧಕವೂ ಬೇಸಿಗೆಯ ಸುಡುಬಿಸಿಲಿನಲ್ಲಿ ಕುಂಬಳ ಜಾತಿಯ ಎಲೆಗಳನ್ನು ಸುಡುತ್ತದೆ ಎಂಬುದು ಗಮನದಲ್ಲಿರಲಿ.

ಕಾರಣ ತಿಳಿಯದಿದ್ದಲ್ಲಿ ಸಿಂಪಡಣೆಗೆ ಮುನ್ನ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಛೇರಿ, ಹೋಬಳಿಯ ರೈತ ಸಂಪರ್ಕ ಕೇಂದ್ರ ಅಥವಾ ಬೀದರಿನ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ಕಿಸಾನ್ ಕಾಲ್ ಸೆಂಟರ್‌ನ ಶುಲ್ಕರಹಿತ ಸಂಖ್ಯೆ 1800-180-1551. ಮಾದರಿ ತರುವಾಗ ಬರಿಯ ಎಲೆಯ ಬದಲು ಬುಡದ ಮಣ್ಣು ಸಹಿತ ಎರಡು ಮೂರು ಸಸಿಗಳನ್ನು, ಒಂದು ಆರೋಗ್ಯವಂತ ಸಸಿಯೊಂದಿಗೆ, ಹಳೆಯ ಪತ್ರಿಕೆಯಲ್ಲಿ ಸುತ್ತಿ ತರಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಸಸಿ ಬೆವತು ಕೊಳೆಯುವುದರಿಂದ ಮೂಲ ಲಕ್ಷಣ ಅಳಿಸಿಹೋಗುತ್ತದೆ. ಬಿತ್ತಿದ ದಿನಾಂಕ, ತಳಿ, ಈವರೆಗೆ ಹಾಕಿದ ಗೊಬ್ಬರ ಹಾಗೂ ಔಷಧದ ಖಾಲಿ ಪೊಟ್ಟಣವನ್ನು ಜೊತೆಗೆ ತರುವುದು.