ಫೋನಿನಲ್ಲಿ ಕೇಳಿಸದ ನಾಲ್ಕು ತಂತಿ

ಕಳೆದ ನವೆಂಬರಿನಲ್ಲಿ ಪುಣೆಯ ನಮ್ಮ ಬಡಾವಣೆಯ ಕನ್ನಡಿಗರೆಲ್ಲ ಸೇರಿ ಮಾಡಿದ ರಾಜ್ಯೋತ್ಸವದಲ್ಲಿ ನಮ್ಮ ಬ್ಯಾಂಡ್ ಆರು ಹಾಡು ಬಾರಿಸಿತು. ನನ್ನ ಹೆಂಡತಿ ಮುಂದಿನ ಸಾಲಿನಲ್ಲಿ ಕೂತು ಮೊಬೈಲಿನಲ್ಲಿ ವಿಡಿಯೊ ಮಾಡಿ, ಅದೇ ರಾತ್ರಿ ಧಾರವಾಡದಲ್ಲಿರುವ ಅವ್ವನಿಗೆ ವಾಟ್ಸ್‌ಆ್ಯಪ್ ಕಳಿಸಿದಳು. ಮರುದಿನ ಬೆಳಿಗ್ಗೆ ಏಳಕ್ಕೇ ಅವ್ವನ ಫೋನು.

‘ಹಾಡು ಛಲೋ ಬಂದಾವ. ಆ ಹುಡುಗಿ ದನಿ ಭಾಳ ಛಲೋ ಅದ. ನೀ ನಿಂತಿದ್ದೂ ಕಾಣಸ್ತು. ಆದ್ರ ನೀ ಬಾರಿಸಿದ್ದು ಎಲ್ಲದನೋ ತಮ್ಮಾ? ಕೇಳಸಲೇ ಇಲ್ಲ.’

ನಾನು ಬ್ಯಾಂಡಿನಲ್ಲಿ ಬೇಸ್ ಗಿಟಾರ್ ಬಾರಿಸುವವನು. ಈ ಪ್ರಶ್ನೆ ನನಗೆ ಹೊಸದಲ್ಲ. ಆಫೀಸಿನವರು ಕೇಳಿದ್ದಾರೆ, ಅಪಾರ್ಟ್‌ಮೆಂಟಿನವರು ಕೇಳಿದ್ದಾರೆ, ನನ್ನ ಮಗಳು ಐದನೇ ಕ್ಲಾಸಿನಲ್ಲಿದ್ದಾಗಲೇ ಕೇಳಿದ್ದಾಳೆ. ಉತ್ತರವೂ ಬಾಯಿಪಾಠ ಆಗಿದೆ. ಬೇಸಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಮಾಮೂಲಿ ಗಿಟಾರಿನ ಅತಿ ದಪ್ಪ ತಂತಿ 82 ಸಲ. ಫೋನಿನೊಳಗಿನ ಸ್ಪೀಕರ್ ಕಿರುಬೆರಳಿನ ಉಗುರಿನಷ್ಟು. ಅಷ್ಟು ನಿಧಾನದ ಕಂಪನಕ್ಕೆ ಬೇಕಾದಷ್ಟು ಗಾಳಿಯನ್ನು ನೂಕುವ ಶಕ್ತಿ ಅದಕ್ಕಿಲ್ಲ. ಹಾಗಾಗಿ ಡ್ರಮ್ಮಿನ ತಾಳ ಬರುತ್ತದೆ, ಕೀಬೋರ್ಡ್ ಬರುತ್ತದೆ, ಪ್ರೇಕ್ಷಕರ ಕೆಮ್ಮೂ ಬರುತ್ತದೆ, ನಾನು ಮಾತ್ರ ಬರುವುದಿಲ್ಲ. ಇಯರ್‌ಫೋನ್ ಹಾಕಿಕೊಂಡು ಕೇಳು ಎಂದೆ. ಹೋದ ವರ್ಷ ನಾನೇ ಕೊಡಿಸಿದ್ದು ಇನ್ನೂ ಡಬ್ಬಿಯಲ್ಲೇ ಇದೆ ಎಂದಳು.

ಅವ್ವನಿಗೆ ನಾನು ಹೇಳದೆ ಬಿಟ್ಟ ಮಾತು ಇನ್ನೊಂದಿತ್ತು. ಅಂದು ನಾಲ್ಕನೇ ಹಾಡಿನ ಮಧ್ಯೆ ಯಾರದೋ ಕಾಲು ತಾಗಿ ನನ್ನ ಆಂಪ್ಲಿಫೈಯರಿನ ಕೇಬಲ್ ಕಳಚಿಹೋಗಿತ್ತು. ಒಂದಿಡೀ ಹಾಡು ನಾನು ಬಾರಿಸಿದ್ದು ನನಗೂ ಕೇಳಿಸಲಿಲ್ಲ, ಸಭೆಗೂ ಕೇಳಿಸಲಿಲ್ಲ. ಬಗ್ಗಿ ಹುಡುಕುವ ಧೈರ್ಯವೂ ಬರದೆ ತಂತಿ ಮೇಲೆ ಬೆರಳಾಡಿಸುತ್ತ ನಿಂತೆ. ಹಾಡು ಮುಗಿದಾಗ ಚಪ್ಪಾಳೆ ಹಿಂದಿನ ಮೂರು ಹಾಡಿಗೆ ಬಂದಷ್ಟೇ ಬಂತು. ಡ್ರಮ್ಮರ್ ಒಬ್ಬನೇ ನನ್ನ ಕಡೆ ತಿರುಗಿ ಹುಬ್ಬು ಗಂಟಿಕ್ಕಿದ.

ನಾನು ಈ ವಾದ್ಯಕ್ಕೆ ಬಂದದ್ದೇ ನಲವತ್ತೊಂದನೇ ವಯಸ್ಸಿಗೆ. ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ. ಪಕ್ಕದ ಕ್ಯೂಬಿಕಲ್ಲಿನ ಸಾಂಗ್ಲಿಯ ಗೆಳೆಯ ಗಿಟಾರ್ ಬಾರಿಸುತ್ತಿದ್ದ. ಶಿವಮೊಗ್ಗದ ಹುಡುಗಿ ಹಾಡುತ್ತಿದ್ದಳು, ಮಂಗಳೂರಿನ ಬ್ಯಾಂಕ್ ಅಧಿಕಾರಿಯೊಬ್ಬರು ಕೀಬೋರ್ಡ್, ತ್ರಿಶ್ಶೂರಿನ ಒಬ್ಬ ಡ್ರಮ್ಸ್. ಬೇಸಿಗೆ ಯಾರೂ ಇರಲಿಲ್ಲ. ಎಲ್ಲ ಬ್ಯಾಂಡುಗಳಲ್ಲೂ ಇದೇ ಕತೆ, ಯಾರೂ ಬೇಸ್ ಬಾರಿಸಬೇಕೆಂದು ಕನಸು ಕಂಡು ಬರುವುದಿಲ್ಲ. ‘ನಾಲ್ಕೇ ತಂತಿ, ಗಿಟಾರಿಗಿಂತ ಎರಡು ಕಡಿಮೆ’ ಎಂದು ಸಾಂಗ್ಲಿಯವ ನನ್ನನ್ನು ಒಪ್ಪಿಸಿದ. ಕೋಥ್ರೂಡಿನ ಕಾಲೇಜು ಹುಡುಗನೊಬ್ಬನಿಂದ ಒಂಬತ್ತು ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ಬೇಸ್ ತಂದೆ. ಲಿಯೊ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬೇಸ್‌ನ ಅಗ್ಗದ ನಕಲು ಅದು. ಅದಕ್ಕೂ ಮುಂಚೆ ಈ ಕೆಲಸ ಮಾಡುತ್ತಿದ್ದದ್ದು ಆಳೆತ್ತರದ, ನಿಲ್ಲಿಸಿ ಬಾರಿಸುವ ಡಬಲ್ ಬೇಸ್. ಅದಕ್ಕೆ ಮನೆಗಳಿಲ್ಲ, ಬೆರಳು ಎಲ್ಲಿಡಬೇಕೆಂದು ಕಿವಿಯೇ ಹೇಳಬೇಕು. ಫೆಂಡರ್ ಕತ್ತಿಗೆ ಲೋಹದ ಫ್ರೆಟ್ ಕೂರಿಸಿದ್ದರಿಂದ ಸ್ವರ ಕರಾರುವಾಕ್ಕಾಗಿ ಬಂತು, ಹೆಸರೂ ಅದೇ ಆಯಿತು.

ನಾಲ್ಕೇ ತಂತಿ ನಿಜ. ಆದರೆ ಒಂದೊಂದೂ ಬಾವಿಹಗ್ಗ. ತಂತಿಯ ಉದ್ದ 34 ಇಂಚು, ಮೊದಲ ಮನೆಗಳಲ್ಲಿ ನನ್ನ ಕಿರುಬೆರಳು ಮುಟ್ಟಬೇಕಾದ ಕಡೆ ಮುಟ್ಟುತ್ತಿರಲಿಲ್ಲ. ವಾದ್ಯದ ತೂಕ ನಾಲ್ಕು ಕಿಲೊ, ಎರಡು ಗಂಟೆ ನಿಂತರೆ ಎಡ ಹೆಗಲು ಸೆಟೆದುಕೊಳ್ಳುತ್ತದೆ. ಮೊದಲ ತಿಂಗಳು ಬಲಗೈಯ ಎರಡು ಬೆರಳುಗಳ ತುದಿಯಲ್ಲಿ ಬೊಬ್ಬೆ. ಆಫೀಸಿನಲ್ಲಿ ಕೀಬೋರ್ಡ್ ಒತ್ತುವಾಗ ಹಲ್ಲು ಕಚ್ಚುತ್ತಿದ್ದೆ. ಆಮೇಲೆ ಚರ್ಮ ಗಟ್ಟಿಯಾಯಿತು.

ಮನೆಯಲ್ಲಿ ಅಭ್ಯಾಸ ಮಾಡುವುದು ಇನ್ನೊಂದು ತಾಪತ್ರಯ. ಇಪ್ಪತ್ತೈದು ವಾಟಿನ ಚಿಕ್ಕ ಆಂಪ್ ತಂದೆ. ಮೂರನೇ ದಿನ ಕೆಳಗಿನ ಮನೆಯ ಕಾಕು ಬಂದು, ರಾತ್ರಿ ಒಂಬತ್ತಕ್ಕೆ ದಿನಾ ಹಿಟ್ಟಿನ ಗಿರಣಿ ಹಾಕುತ್ತೀರೇನು ಎಂದು ಮರಾಠಿಯಲ್ಲಿ ವಿಚಾರಿಸಿದರು. ಅವರದು ತಪ್ಪಲ್ಲ. ತಾರಕ ಸ್ವರ ಗೋಡೆಗೆ ತಾಗಿ ಅಲ್ಲೇ ನಿಲ್ಲುತ್ತದೆ, ಮಂದ್ರ ಸ್ವರ ಸ್ಲ್ಯಾಬ್ ಹಿಡಿದು ಕೆಳಮನೆಗೆ ಇಳಿಯುತ್ತದೆ. ಅಂದಿನಿಂದ ಹೆಡ್‌ಫೋನೇ ಗತಿ. ಸ್ಪೀಕರಿನಿಂದ ಕೇಳಿದ್ದು ಗಿರಣಿ, ಹೆಡ್‌ಫೋನಿನಲ್ಲಿ ಬಾರಿಸಿದರೆ ಮನೆಯವರಿಗೆ ಕೇಳುವುದು ಬರೀ ಟಕ್ ಟಕ್.

ಮಳೆಗಾಲದ ಮಾತನ್ನಂತೂ ಕೇಳಲೇಬೇಡಿ. ಜೂನ್ ಬಂತೆಂದರೆ ಮರ ತೇವ ಹೀರಿ ಕತ್ತು ಬಾಗುತ್ತದೆ, ತಂತಿ ಫ್ರೆಟ್ಟಿನಿಂದ ಮೇಲೇಳುತ್ತದೆ. ಕತ್ತಿನೊಳಗೆ ಒಂದು ಉಕ್ಕಿನ ಸರಳಿದೆ, ಟ್ರಸ್ ರಾಡ್ ಅನ್ನುತ್ತಾರೆ. ಅಲೆನ್ ಕೀಯಿಂದ ಅದನ್ನು ಕಾಲು ಸುತ್ತು ತಿರುಗಿಸಿ, ಒಂದು ದಿನ ಬಿಟ್ಟು ನೋಡಬೇಕು. ಅವಸರ ಮಾಡಿದರೆ ಸರಳೂ ಹೋಯಿತು, ಕತ್ತೂ ಹೋಯಿತು. ತಂತಿಗಳಿಗೆ ತುಕ್ಕು, ಬೆವರಿನ ಜಿಡ್ಡು. ಹೊಸ ಸೆಟ್ಟಿಗೆ ಎರಡು ಸಾವಿರದ ಹತ್ತಿರ ಆಗುತ್ತದೆಂದು ನಾನು ಹಳೆಯ ತಂತಿಗಳನ್ನೇ ಬಿಚ್ಚಿ ನೀರಿನಲ್ಲಿ ಕುದಿಸುತ್ತೇನೆ. ಸುತ್ತುಗಳ ಸಂದಿಯಲ್ಲಿ ಕೂತ ಕೊಳೆ ಬಿಡುತ್ತದೆ, ನಾಲ್ಕಾರು ದಿನ ಹೊಸದರ ಹಾಗೆ ನುಡಿಯುತ್ತದೆ. ಹೆಂಡತಿ ಅದಕ್ಕೊಂದು ಪಾತ್ರೆಯನ್ನೇ ಬೇರೆ ಮಾಡಿ ಇಟ್ಟಿದ್ದಾಳೆ. ಒಮ್ಮೆ ಅತ್ತೆ ಅದರಲ್ಲಿ ಹಾಲು ಕಾಯಿಸಿಬಿಟ್ಟಿದ್ದರು.

ರವಿವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡು ರಿಹರ್ಸಲ್. ಗಂಟೆಗೆ ನಾಲ್ಕುನೂರು ರೂಪಾಯಿ ಬಾಡಿಗೆಯ ಜಾಮ್ ರೂಮು, ಐವರು ಹಂಚಿಕೊಳ್ಳುತ್ತೇವೆ. ನಾಲ್ಕು ಮೀಟರ್ ಉದ್ದದ ಕೋಣೆ, ಗೋಡೆಗೆ ಸ್ಪಂಜು, ಅದಕ್ಕೆ ವರ್ಷಗಟ್ಟಲೆ ಕೂತ ಬೆವರಿನ ವಾಸನೆ. ನನ್ನ ದಪ್ಪ ತಂತಿಯ ಒಂದು ಅಲೆಯೇ ಎಂಟು ಮೀಟರ್ ಉದ್ದ. ಆ ಕೋಣೆಯಲ್ಲಿ ಅದು ಹಿಡಿಸುವುದೇ ಇಲ್ಲ. ಮೂಲೆಯಲ್ಲಿ ನಿಂತವರಿಗೆ ಗುಡುಗು, ಎರಡು ಹೆಜ್ಜೆ ಈಚೆ ಬಂದರೆ ಏನೂ ಇಲ್ಲ. ಆಂಪನ್ನು ಮೂಲೆಯಿಂದ ಈಚೆಗೆ ಎಳೆದು, ಕುರ್ಚಿಯ ಮೇಲಿಟ್ಟು ಕಿವಿಯ ಮಟ್ಟಕ್ಕೆ ತಂದರೆ ಅರ್ಧ ಜಗಳ ಮುಗಿಯುತ್ತದೆ ಎಂದು ಕಲಿಯಲು ನಮಗೆ ಒಂದು ವರ್ಷ ಬೇಕಾಯಿತು. ಅಲ್ಲಿವರೆಗೆ ಗಿಟಾರಿನವ ತನಗೆ ಕೇಳಿಸುತ್ತಿಲ್ಲವೆಂದು ಸ್ವಲ್ಪ ಏರಿಸುವುದು, ನಾನು ಸ್ವಲ್ಪ ಏರಿಸುವುದು, ಹಾಡುವವಳು ಕಿರುಚುವುದು.

ಬೇಸಿನವನ ನಿಜವಾದ ಸಂಸಾರ ಡ್ರಮ್ಮರಿನ ಬಲಗಾಲಿನ ಜತೆ. ಅವನು ಪೆಡಲ್ ತುಳಿದು ದೊಡ್ಡ ಡ್ರಮ್ ‘ಧಮ್’ ಅಂದ ಕ್ಷಣವೇ ನನ್ನ ಸ್ವರವೂ ಬೀಳಬೇಕು. ಎರಡೂ ಒಂದಾದರೆ ಡ್ರಮ್ಮಿಗೇ ಸ್ವರ ಬಂದ ಹಾಗೆ ಕೇಳುತ್ತದೆ. ಕೂದಲೆಳೆಯಷ್ಟು ತಪ್ಪಿದರೂ ಹಾಡು ಮೆತ್ತಗಾಗುತ್ತದೆ. ನನ್ನ ರೋಗ ಓಟ. ಖುಷಿಯಾದರೆ ಮುಂದೆ ಓಡುತ್ತೇನೆ. ಡ್ರಮ್ಮರ್ ಹೇಳಿದ ಮದ್ದು, ಮೆಟ್ರೊನೋಮ್ ಅನ್ನು ನಿಮಿಷಕ್ಕೆ ಅರವತ್ತಕ್ಕೆ ಇಟ್ಟು ಒಂದೇ ಸ್ವರವನ್ನು ಹತ್ತು ನಿಮಿಷ ಬಾರಿಸುವುದು. ವೇಗವಾಗಿ ಬಾರಿಸುವುದಕ್ಕಿಂತ ಇದು ಕಷ್ಟ. ಬೇಸರವೂ ಅಷ್ಟೇ.

ಇದರಿಂದ ಒಂದು ಲಾಭವಾಯಿತು, ಹಳೆಯ ಹಾಡುಗಳು ಬೇರೆ ಥರ ಕೇಳತೊಡಗಿದವು. ‘ಗೀತಾ’ ಬಂದದ್ದು 1981ರಲ್ಲಿ, ‘ಪಲ್ಲವಿ ಅನುಪಲ್ಲವಿ’ 1983ರಲ್ಲಿ. ಎರಡಕ್ಕೂ ಇಳಯರಾಜಾ ಸಂಗೀತ. ಚಿಕ್ಕಂದಿನಿಂದ ಕೇಳಿದ ಹಾಡುಗಳೇ. ಆದರೆ ದನಿಯ ಕೆಳಗೆ ಇನ್ನೊಂದು ರಾಗವೇ ಹರಿಯುತ್ತಿದೆ, ಹಾಡು ಮೇಲೇರಿದಾಗ ಅದು ಇಳಿಯುತ್ತದೆ ಅನ್ನುವುದು ನನಗೆ ಹೊಳೆದದ್ದು ಈ ವಾದ್ಯ ಹಿಡಿದ ಮೇಲೆ. ಅದನ್ನು ಬಾರಿಸಲು ಹೋಗಿ ಮೂರು ತಿಂಗಳು ಒದ್ದಾಡಿದೆ. ಕೊನೆಗೆ ಅರ್ಧ ಸ್ವರ ಬಿಟ್ಟು ಸರಳ ಮಾಡಿಕೊಂಡೆ. ರಾಜನ್-ನಾಗೇಂದ್ರರ ಹಾಡುಗಳಲ್ಲೂ ಅದೇ ಪಾಡು.

ಜನವರಿಯಲ್ಲಿ ಕೀಬೋರ್ಡಿನವರು ಒಂದು ಮಾತು ತೆಗೆದರು. ಕೆಟ್ಟ ಮನುಷ್ಯರಲ್ಲ, ಲೆಕ್ಕದ ಮನುಷ್ಯರು. ಒಬ್ಬರ ಮನೆಯ ಕಾರ್ಯಕ್ರಮಕ್ಕೆ ಕರೆ ಬಂದಿತ್ತು, ಜಾಗ ಚಿಕ್ಕದು, ಬೇಸ್ ಆಂಪಿಗೇ ಒಂದು ಆಟೊ ಬೇಕು. ‘ಬೇಸ್ ನಾನು ಎಡಗೈಯಲ್ಲಿ ಬಾರಿಸಬಹುದಲ್ಲ, ಎರಡು ರವಿವಾರ ಹಾಗೆ ಮಾಡಿ ನೋಡುವ’ ಅಂದರು. ಯಾರೂ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ‘ಮಾಡಿ ನೋಡಿ’ ಅಂದವನು ನಾನೇ. ಮನೆಗೆ ಬರುವಷ್ಟರಲ್ಲಿ ಕೇಬಲ್ ಕಳಚಿದ ಆ ಹಾಡು ನೆನಪಾಯಿತು. ಮೊದಲ ರವಿವಾರ ನಾನು ಹೋಗಲಿಲ್ಲ. ಬೈಕ್ ತೊಳೆದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ಏನೂ ಕೇಳದೆ ಇನ್ನೊಂದು ಚಪಾತಿ ಹಾಕಿದಳು.

ಆ ವಾರವೇ ಅವ್ವ ಬಂದಳು. ಎರಡನೇ ರವಿವಾರ ನಾನು ಅರ್ಧ ಹೊತ್ತಾದ ಮೇಲೆ ಹೋಗುವುದೆಂದು ಮಾತಾಗಿತ್ತು. ಹೊರಡುವಾಗ ಅವ್ವ ಸೀರೆ ಬದಲಿಸಿ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. ‘ಫೋನಿನ್ಯಾಗ ಕೇಳಸಂಗಿಲ್ಲ ಅಂದಿ. ಇಲ್ಲೇ ಕೇಳತೇನಿ.’

ಅವ್ವ ಮದುವೆಗೆ ಮುಂಚೆ ಧಾರವಾಡದಲ್ಲಿ ನಾಲ್ಕು ವರ್ಷ ಹಾಡಲು ಕಲಿತವಳು. ಮದುವೆಯಾಗಿ ಬಂದ ಮನೆಯಲ್ಲಿ ಅದು ಮುಂದುವರಿಯಲಿಲ್ಲ. ಅವಳ ತಂಬೂರಿ ನನಗೆ ಬುದ್ಧಿ ಬಂದಾಗಿನಿಂದ ಅಟ್ಟದ ಮೇಲೆ, ಕುಂಬಳಬುರುಡೆ ಸೀಳಿದ್ದು, ಹಳೆಯ ಧೋತರದಲ್ಲಿ ಸುತ್ತಿದ್ದು. ಅದನ್ನು ಯಾಕೆ ರಿಪೇರಿ ಮಾಡಿಸಲಿಲ್ಲವೆಂದು ನಾನೂ ಕೇಳಿರಲಿಲ್ಲ.

ಜಾಮ್ ರೂಮಿನಲ್ಲಿ ಹಾಡುವ ಹುಡುಗಿ ಅವ್ವನನ್ನು ಸ್ಟೂಲಿನ ಮೇಲೆ ಕೂರಿಸಿ, ಕಿವಿಗೆ ಹತ್ತಿ ಕೊಟ್ಟಳು. ಮೊದಲ ಎರಡು ಹಾಡು ಕೀಬೋರ್ಡಿನ ಎಡಗೈಯಲ್ಲಿ ನಡೆದವು. ಸ್ವರ ಒಂದೂ ತಪ್ಪಲಿಲ್ಲ, ನನಗಿಂತ ಶುದ್ಧ. ಆಮೇಲೆ ನಾನು ಕೇಬಲ್ ಚುಚ್ಚಿದೆ. ಅದೇ ಎರಡು ಹಾಡು, ಮತ್ತೆ ಇನ್ನೊಂದು. ಅವ್ವ ಎದ್ದು ಬಂದು ಆಂಪಿನ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ನಿಂತಳು. ಮುಖದಲ್ಲಿ ಏನೂ ಕಾಣಲಿಲ್ಲ. ಸದ್ದಿಗೆ ತಲೆನೋವು ಬಂದಿರಬೇಕು ಅಂದುಕೊಂಡೆ.

ವಾಪಸ್ ಬರುವಾಗ ಆಟೊದಲ್ಲಿ ಬೇಸನ್ನು ತೊಡೆಗಳ ನಡುವೆ ನಿಲ್ಲಿಸಿಕೊಂಡು ಕೂತಿದ್ದೆ. ಎರಡು ಸಿಗ್ನಲ್ ದಾಟುವ ತನಕ ಅವ್ವ ಮಾತಾಡಲಿಲ್ಲ.

‘ಅವರು ಬಾರಿಸಿದ್ದೂ ಛಲೋನ ಇತ್ತು’ ಅಂದಳು. ‘ಆದ್ರ ಆವಾಗ ಆ ಹುಡುಗಿ ಉಸಿರು ಹಿಡದು ಹಾಡತಿದ್ಲು. ನೀ ಬಂದ ಮ್ಯಾಲೆ ಸಾವಕಾಶ ಕುಂತು ಹಾಡಿದಂಗ ಹಾಡಿದ್ಲು. ತಂಬೂರಿಯ ಖರ್ಜ ಹತ್ತಿದಂಗ. ಖರ್ಜದ ತಂತಿ ಕೇಳೂ ಮಂದಿಗೆ ಎಲ್ಲಿ ಗೊತ್ತಾಗ್ತದ? ಹಾಡಾವ್ರಿಗೆ ಗೊತ್ತಾಗ್ತದ.’

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅವ್ವನೇ ಮುಂದುವರಿಸಿದಳು.

‘ಆದ್ರ ಮೂರನೇ ಹಾಡಿನ್ಯಾಗ ಓಡ್ತಿ ನೀನು. ಯಾಕ ಓಡ್ತಿ? ಯಾರು ಬೆನ್ನು ಹತ್ಯಾರ?’

ಡ್ರಮ್ಮರಿಗೆ ಕನ್ನಡ ಬರುವುದಿಲ್ಲವಾದರೂ ಈ ಮಾತನ್ನು ಅವನಿಗೆ ಅನುವಾದ ಮಾಡಿ ಹೇಳಲೇಬೇಕಾಯಿತು.

ಎಡಗೈಯ ವಿಷಯ ಮತ್ತೆ ಯಾರೂ ಎತ್ತಿಲ್ಲ. ತೀರ್ಮಾನವೂ ಆಗಿಲ್ಲ. ಆ ಮನೆಯ ಕಾರ್ಯಕ್ರಮ ಮುಂದಿನ ತಿಂಗಳಿದೆ, ಆಟೊಕ್ಕೆ ಎಷ್ಟಾಗುತ್ತದೆಂದು ಕೀಬೋರ್ಡಿನವರು ಗ್ರೂಪಿನಲ್ಲಿ ಒಮ್ಮೆ ಕೇಳಿದ್ದಾರೆ, ಅಷ್ಟೆ. ಬುಧವಾರ ಡ್ರಮ್ಮರ್ ಜಾಮ್ ರೂಮ್ ಬುಕ್ ಮಾಡಿ ಬಾಡಿಗೆ ಹಂಚಿ ಹಾಕಿದ. ಒಬ್ಬೊಬ್ಬರಿಗೆ ನೂರ ಅರವತ್ತು, ಅಂದರೆ ಐದು ಪಾಲು.

ಅವ್ವನಿಗೆ ಶನಿವಾರ ರಾತ್ರಿಯ ಬಸ್ಸಿಗೆ ಟಿಕೆಟ್ ಮಾಡಿಸಿದ್ದೆ. ಗುರುವಾರ ಸಂಜೆ ಅಡುಗೆಮನೆಯಿಂದಲೇ ಕೂಗಿ ಕೇಳಿದಳು, ‘ಆ ಟಿಕೆಟ್ ಸೋಮವಾರಕ್ಕ ಹಾಕಿದ್ರ ಎಷ್ಟು ರೊಕ್ಕ ಹಿಡಕೋತಾರ?’