ಪ್ರಾರ್ಥನೆಯೊಳಗಿನ ರೆಸೊನೆನ್ಸ್

ಇಂಟರ್ನಲ್ಸ್ ಹತ್ತಿರ ಬಂತು ಅಂದ್ರೆ ನಮ್ಮಲ್ಲಿ ಭಕ್ತಿ ಹೆಚ್ಚಾಗುತ್ತೆ. ಅದನ್ನು ನೋಡಿ ನಗುವವರೂ ನಮ್ಮಲ್ಲೇ ಇದ್ದಾರೆ. ಹಾಗಾದರೆ ಪ್ರಾರ್ಥನೆಯಿಂದ ನಿಜವಾಗಿ ಏನಾಗುತ್ತೆ, ಏನಾಗಲ್ಲ? ನಾವು ಇಂಜಿನಿಯರಿಂಗ್ ಓದುವವರು, ಅಳತೆ ಮಾಡಿದವರನ್ನೇ ಕೇಳೋಣ.

ಮೊದಲು, ಏನಾಗಲ್ಲ ಅನ್ನೋದು. ಅಮೆರಿಕದಲ್ಲಿ ಬೈಪಾಸ್ ಸರ್ಜರಿಗೆ ಒಳಗಾದ 1802 ಜನರ ಮೇಲಿನ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಅಪರಿಚಿತರು ಪ್ರಾರ್ಥಿಸಿದ ರೋಗಿಗಳಲ್ಲಿ ಶೇ. 52, ಪ್ರಾರ್ಥಿಸದವರಲ್ಲಿ ಶೇ. 51 ಮಂದಿಗೆ ಸರ್ಜರಿ ನಂತರ ತೊಂದರೆಗಳು ಕಾಣಿಸಿಕೊಂಡವು. ಈ ಎರಡೂ ಗುಂಪಿಗೆ ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ಗೊತ್ತಿರಲಿಲ್ಲ. 'ನಿಮಗಾಗಿ ಖಂಡಿತ ಪ್ರಾರ್ಥಿಸ್ತಾರೆ' ಎಂದು ಮೊದಲೇ ತಿಳಿಸಿದ್ದ ಮೂರನೇ ಗುಂಪಿನಲ್ಲಂತೂ ಅದು ಶೇ. 59! ದೂರದ ಪ್ರಾರ್ಥನೆ ಫಲಿತಾಂಶವನ್ನು ಸುಧಾರಿಸಲಿಲ್ಲ.

ಆದರೆ ಪ್ರಾರ್ಥಿಸುವವರ ದೇಹದಲ್ಲಿ ಏನೋ ಆಗುತ್ತೆ. 2001ರಲ್ಲಿ ಇಟಲಿಯ ಲುಸಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು 23 ಆರೋಗ್ಯವಂತರಿಂದ ಲ್ಯಾಟಿನ್ ಭಾಷೆಯ ಜಪಮಾಲೆ ಪ್ರಾರ್ಥನೆಯನ್ನೂ 'ಓಂ ಮಣಿ ಪದ್ಮೇ ಹೂಂ' ಮಂತ್ರವನ್ನೂ ಹೇಳಿಸಿದರು. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ನಾವು ಸುಮ್ಮನೆ ಕೂತಾಗ ಅದು 12ರಿಂದ 20 ಇರುತ್ತೆ.

ಈ 6ರಲ್ಲಿ ಏನು ವಿಶೇಷ? ನಮ್ಮ ರಕ್ತದೊತ್ತಡ ತಾನಾಗಿಯೇ ಸುಮಾರು 10 ಸೆಕೆಂಡಿಗೊಮ್ಮೆ ಏರಿಳಿಯುತ್ತೆ, ಅಂದ್ರೆ 0.1 ಹರ್ಟ್ಜ್. ಕುತ್ತಿಗೆಯ ರಕ್ತನಾಳದಲ್ಲಿರುವ ಸೆನ್ಸರ್‌ಗಳು ಈ ಒತ್ತಡವನ್ನು ಮಿದುಳಿಗೆ ತಿಳಿಸ್ತವೆ, ಮಿದುಳು ಹೃದಯದ ವೇಗವನ್ನು ಸರಿಪಡಿಸುತ್ತೆ. ಪಕ್ಕಾ ಫೀಡ್‌ಬ್ಯಾಕ್ ಲೂಪ್! ನಿಮಿಷಕ್ಕೆ 6 ಉಸಿರು ಅಂದ್ರೂ ಅದೇ 0.1 ಹರ್ಟ್ಜ್. ಎರಡೂ ಲಯ ಕೂಡಿದಾಗ ಆಗೋದೇ ಅನುರಣನ, ನಮ್ಮ ಸಿಲಬಸ್ಸಿನ ರೆಸೊನೆನ್ಸ್. ಆಗ ಈ ಲೂಪ್ ಇನ್ನಷ್ಟು ಚುರುಕಾಗಿ ಸ್ಪಂದಿಸಿದ್ದನ್ನು ಅವರು ಅಳೆದು ತೋರಿಸಿದರು. ಧರ್ಮ ಎರಡು, ಫ್ರೀಕ್ವೆನ್ಸಿ ಒಂದೇ.

ಪ್ರಾರ್ಥನೆ ಅಂದ್ರೆ ಇಷ್ಟೇನಾ? ಅಲ್ಲ. ನಂಬುವವರಿಗೆ ಅದು ಕೊಡುವ ಧೈರ್ಯ, ಒಟ್ಟಿಗೆ ಕೂತು ಭಜನೆ ಮಾಡುವಾಗ ಸಿಗುವ ಜೊತೆ, ಇವು ಮೀಟರಿಗೆ ಸುಲಭವಾಗಿ ಸಿಗೋದಿಲ್ಲ. ನಂಬದವರು ನಿಧಾನವಾಗಿ ಉಸಿರಾಡಿದರೂ ದೇಹಕ್ಕೆ ಆಗುವ ಲಾಭ ತಪ್ಪಲ್ಲ.

ಒಂದು ಎಚ್ಚರ ಮಾತ್ರ ಬೇಕು. ರೂಮ್‌ಮೇಟ್ ವಾರಗಟ್ಟಲೆ ನಿದ್ದೆ ಮಾಡದೆ, ಊಟ ಬಿಟ್ಟು ಕೂತಿದ್ದರೆ 'ದೇವರನ್ನ ನೆನೆಸ್ಕೋ, ಸರಿಹೋಗುತ್ತೆ' ಅಂತ ಹೇಳಿ ಎದ್ದು ಬರಬಾರದು. ಪಕ್ಕದಲ್ಲಿ ಕೂತು ಮಾತು ಕೇಳೋಣ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಪ್ರಾರ್ಥಿಸುವ ಕೈ ಫೋನ್ ಕೂಡ ಎತ್ತಲಿ.